ಅಳಿಸಿದರೂ ಉಳಿಯುವ ಹೆಸರು

ಗಂಡನಾದವನು ತನ್ನನ್ನು ಸವತಿಯ ಹೆಸರು ಹಿಡಿದು ಕೂಗಿದರೆ ಯಾವ ಹೆಂಗಸಿಗಾದರೂ ಮೈ ಉರಿಯುತ್ತದೆ. ನೀಲಾಂಬಿಕಾಳಿಗೆ ಎರಡು ಪಟ್ಟು ಉರಿಯುತ್ತಿತ್ತು. ಯಾಕೆಂದರೆ ಹಾಗೆ ಕೂಗಲು ಅವನಿಗೆ ಹೇಳಿಕೊಡುತ್ತಿದ್ದ ಯಂತ್ರದ ಕೋಡ್ ಬರೆದವಳು ಅವಳೇ.

ಸವತಿ ಅನ್ನುವುದೂ ಸರಿಯಲ್ಲ. ದಾಕ್ಷಾಯಿಣಿ ಚನ್ನವೀರನ ಮೊದಲ ಹೆಂಡತಿ. ಕೋರ್ಟಿನಲ್ಲಿ ಸಹಿ ಹಾಕಿ ಬಿಟ್ಟುಹೋಗಿ, ಬೇರೆ ಮದುವೆಯಾಗಿ, ಬೆಳಗಾವಿಯಲ್ಲಿ ಹಾಯಾಗಿದ್ದವಳು. ಅವಳಿಗೆ ಈ ಮನೆಯ ನೆನಪೂ ಇರಲಿಲ್ಲ. ಅವಳ ನೆನಪು ಇದ್ದದ್ದು ನೀಲಾಂಬಿಕಾಳಿಗೆ ಮಾತ್ರ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮೊಬೈಲ್ ತೆಗೆದು ದಾಕ್ಷಾಯಿಣಿಯ ವಾಟ್ಸ್ಆ್ಯಪ್ ಸ್ಟೇಟಸ್ ನೋಡುತ್ತಿದ್ದಳು. ಗೋವಾದ ಮರಳಿನ ಮೇಲೆ ದೊಡ್ಡ ಹ್ಯಾಟು ಹಾಕಿಕೊಂಡು ಹಲ್ಲು ಕಿರಿದ ಫೋಟೊ. ಆ ಹ್ಯಾಟನ್ನು ಕಂಡರೂ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ನೋಡಬಾರದು ಅಂದುಕೊಳ್ಳುತ್ತಲೇ ಮರುದಿನ ಮತ್ತೆ ನೋಡುತ್ತಿದ್ದಳು.

ಚನ್ನವೀರ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹೆಸರು ಮಾಡಿದ ಟೇಲರ್ ಮಾಸ್ತರ. ಎಂಟು ತಿಂಗಳ ಹಿಂದೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಕೈಕಾಲು ಉಳಿದವು, ಮಾತು ಉಳಿಯಿತು, ಕತ್ತರಿ ಹಿಡಿಯುವ ಹದವೂ ಉಳಿಯಿತು. ಹೋದದ್ದು ಮುಖಗಳು. ಹೆತ್ತ ತಾಯಿ ಎದುರಿಗೆ ನಿಂತರೂ ಯಾರೋ ಗಿರಾಕಿ ಬಂದಂತೆ ನೋಡಿದ. ಹೊಸದಾಗಿ ಹೇಳಿಕೊಟ್ಟರೆ ಅರ್ಧ ಗಂಟೆಯಲ್ಲಿ ಮರೆತ. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನು ಮೇಲೆ ಇವರ ತಲೆಯಲ್ಲಿ ಹೊಸ ಮುಖ ನಿಲ್ಲುವುದಿಲ್ಲ ಎಂದರು.

ಆಗ ನೀಲಾಂಬಿಕಾ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ 'ಗುರುತು' ಎಂಬ ಕನ್ನಡಕ ತಯಾರಾಗುತ್ತಿತ್ತು. ಮರೆವಿನ ರೋಗಿಗಳಿಗೆಂದೇ ಮಾಡಿದ್ದು. ಎದುರಿಗೆ ಬಂದವರ ಮುಖವನ್ನು ಕನ್ನಡಕ ನೋಡುತ್ತದೆ, ಗಾಜಿನ ಅಂಚಿನಲ್ಲಿ ಅವರ ಹೆಸರು, ಸಂಬಂಧ, ಎರಡು ಸಾಲು ಟಿಪ್ಪಣಿ ಬರುತ್ತವೆ. ಹಾಕಿಕೊಂಡವನು ಪಿಸುಗುಟ್ಟಿದರೆ ಅವನ ಮಾತನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಗಾಜಿನ ಒಳಗಿರುವುದು ಒಂದು ಪುಟ್ಟ ವೆಬ್ ಪುಟ, ಅಷ್ಟೆ. ಮನೆಯವರು ಕಂಪ್ಯೂಟರಿನಲ್ಲಿ ಫೈಲ್ ತಿದ್ದಿ ಸೇವ್ ಮಾಡಿದರೆ ಸಾಕು, ಆ ಕ್ಷಣವೇ ಗಾಜಿನಲ್ಲಿ ಬದಲಾಗುತ್ತದೆ. ಕನ್ನಡಕ ತೆಗೆಯಬೇಕಿಲ್ಲ, ಬಂದ್ ಮಾಡಿ ಚಾಲೂ ಮಾಡಬೇಕಿಲ್ಲ. ರೋಗಿಯ ಕಣ್ಣಿಂದ ಕನ್ನಡಕ ತೆಗೆದರೆ ಅವನು ಗಾಬರಿಯಾಗುತ್ತಾನೆ ಎಂದು ಹಟ ಹಿಡಿದು ಈ ವ್ಯವಸ್ಥೆ ಮಾಡಿದವಳೇ ನೀಲಾಂಬಿಕಾ. ಮನೆಯಲ್ಲಿಯೂ ಅದೇ ಕಟ್ಟಳೆ. ಚನ್ನವೀರ ಕಣ್ಣು ಬಿಡುವ ಮೊದಲೇ ದಿಂಬಿನ ಪಕ್ಕದ ಕನ್ನಡಕ ಅವನ ಮೂಗಿನ ಮೇಲೆ ಇರಬೇಕು.

ಮೊದಲ ದಿನವೇ ಎಡವಟ್ಟಾಯಿತು. ಆಸ್ಪತ್ರೆಯಲ್ಲಿ ಫೈಲ್ ತುಂಬಿಸಲು ಪುರುಸೊತ್ತಿಲ್ಲದೆ, ಅತ್ತೆ ಗೌರವ್ವ ಕೊಟ್ಟ ಚನ್ನವೀರನ ಹಳೆಯ ಮೊಬೈಲಿನಿಂದಲೇ ಹೆಸರುಗಳನ್ನೆಲ್ಲ ಎಳೆದು ಹಾಕಿದ್ದರು. ಆ ಮೊಬೈಲಿನ ಪ್ರಕಾರ ಹೆಂಡತಿ ಎಂದರೆ ದಾಕ್ಷಾಯಿಣಿ, ಹೆಂಡತಿಯೆಂದು ಎದುರಿಗೆ ನಿಂತ ನೀಲಾಂಬಿಕಾಳ ಮುಖಕ್ಕೆ ಆ ಹೆಸರೇ ಬಿತ್ತು. ಮರುದಿನವೇ ನೀಲಾಂಬಿಕಾ ಆ ಸಾಲನ್ನು ಅಳಿಸಿ ತನ್ನ ಹೆಸರು ಬರೆದಳು. ಗಾಜಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು. ಗಂಡನ ಆರೈಕೆ, ಆಫೀಸು, ಆಸ್ಪತ್ರೆ ಎಂದು ಓಡಾಡುವ ಗಡಿಬಿಡಿಯಲ್ಲಿ, ಆಮೇಲೆ ನೋಡಿದರಾಯಿತು ಎಂದು ಬಿಟ್ಟಳು. ಆ ಆಮೇಲೆ ಎನ್ನುವುದು ತಿಂಗಳುಗಟ್ಟಲೆ ಎಳೆಯಿತು.

"ದಾಕ್ಷಾ, ಇವತ್ತಿನ ರೊಟ್ಟಿ ಎಷ್ಟ ಮೆತ್ತಗ ಆಗ್ಯಾವ ನೋಡು."

"ದಾಕ್ಷಾ, ನಿನ್ನಂಥಾಕಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು."

ಬೀಳುವುದಕ್ಕೆ ಮುಂಚೆ ಚನ್ನವೀರ ಒಂದು ದಿನವೂ ಹೆಂಡತಿಯನ್ನು ಹೊಗಳಿದವನಲ್ಲ. ಉಂಡ ತಾಟು ಸರಿಸಿ ಎದ್ದುಹೋಗುವ ಮನುಷ್ಯ. ಈಗ ದಿನಕ್ಕೊಂದು ಮೆಚ್ಚುಗೆ. ರೊಟ್ಟಿ ಬಡಿದವಳು ನೀಲಾಂಬಿಕಾ, ಸ್ನಾನ ಮಾಡಿಸಿದವಳು ನೀಲಾಂಬಿಕಾ, ಹೆಸರು ಬಂದದ್ದು ಗೋವಾದ ಹ್ಯಾಟಿನವಳಿಗೆ. ಒಮ್ಮೊಮ್ಮೆ ಅವಳಿಗೆ ರೊಟ್ಟಿಯನ್ನು ಬೇಕೆಂದೇ ಸೀದು ಹಾಕಿಬಿಡೋಣ ಅನ್ನಿಸುತ್ತಿತ್ತು. ಬೈಗುಳವಾದರೂ ಆ ದಾಕ್ಷಾಯಿಣಿಗೆ ಹೋಗಲಿ ಎಂದು.

"ನಾ ದಾಕ್ಷಾಯಿಣಿ ಅಲ್ಲರೀ, ನೀಲಾಂಬಿಕಾ," ಎಂದು ಅವಳು ಅದೆಷ್ಟೋ ಸಲ ಹೇಳಿದ್ದಳು. "ಹೌದೇನು? ಆತು ಬಿಡು," ಎಂದು ಅವನು ಒಪ್ಪಿಕೊಳ್ಳುತ್ತಿದ್ದ. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತರುವುದರೊಳಗೆ ಗಾಜು ಮತ್ತೆ ಹಳೆಯ ಹೆಸರು ಹೇಳಿಕೊಡುತ್ತಿತ್ತು.

ಗೌರವ್ವನಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. "ಕರದ್ರ ಓ ಅನ್ನವ್ವಾ ನೀಲವ್ವಾ. ನಿನ್ನ ಗಂಟೇನ ಹೊಕ್ಕೈತಿ? ಜೀವಂತ ಕುಂತಾನಲ್ಲ ಕಣ್ಮುಂದ."

"ನಿಮ್ಮನ್ನ ಯಾರರ ಬ್ಯಾರೇದವರ ಹೆಸರಲೇ ಕರದ್ರ ಸುಮ್ಮನಿರತಿದ್ರೇನ್ರಿ ಅತ್ತಿ?"

"ನಿಮ್ಮ ಮಾವ ನಿನಗ ಗೊತ್ತಿಲ್ಲ. ಅಂವ ನನ್ನ ಹೆಸರಲೇ ಕರದಿದ್ದ ಇಲ್ಲ ಬಿಡು," ಎಂದು ಮುದುಕಿ ಅಡಿಕೆ ಕತ್ತರಿಸುತ್ತ ನಕ್ಕಳು. ನೀಲಾಂಬಿಕಾಳಿಗೆ ನಗು ಬರಲಿಲ್ಲ. ಹಳೆಯ ಸೊಸೆಯ ಮೇಲೆ ಈ ಮುದುಕಿಗೆ ಇನ್ನೂ ಪ್ರೀತಿ ಇದೆ, ಅದಕ್ಕೇ ಆ ಮೊಬೈಲು ಜೋಪಾನ ಮಾಡಿಟ್ಟಿದ್ದಳು ಎಂಬ ಅನುಮಾನವೂ ಆವತ್ತು ಸೇರಿಕೊಂಡಿತು.

ಒಂದು ಭಾನುವಾರ ಅವಳು ಸೆರಗು ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ಇವತ್ತು ಇದನ್ನು ಮುಗಿಸಿಯೇ ಏಳುವುದು ಎಂದು ತೀರ್ಮಾನಿಸಿದಳು. ಫೈಲ್ ತೆರೆದಳು. 'ನೀಲಾಂಬಿಕಾ, ಹೆಂಡತಿ' ಎಂದೇ ಇದೆ. ಒಂದು ಚುಕ್ಕೆ ಸೇರಿಸಿ ಸೇವ್ ಮಾಡಿದಳು. ಬದಲಾವಣೆ ಕಂಡಿತು, ಪುಟ ಹೊಸದಾಗಿ ತಯಾರಾಯಿತು ಎಂದು ಸರ್ವರ್ ಹೇಳಿತು. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ನೋಡಿದಳು, ಅವಳ ಹೆಸರೇ ಇದೆ. ಕನ್ನಡಕದಲ್ಲಿ ಇಲ್ಲ. ಕನ್ನಡಕ ಮನೆಯ ಸರ್ವರ್ ಬಿಟ್ಟು ಆಫೀಸಿನ ಹಳೆಯ ಸರ್ವರಿನಿಂದ ಓದುತ್ತಿದೆಯೇನೋ ಎಂದು ವಿಳಾಸ ನೋಡಿದಳು. ಸರಿಯಾಗಿಯೇ ಇತ್ತು. ಹಳೆಯ ಪುಟದ ಪ್ರತಿಯನ್ನು ಕನ್ನಡಕ ಎತ್ತಿಟ್ಟುಕೊಂಡು ಅದನ್ನೇ ತೋರಿಸುತ್ತಿರಬಹುದು ಎಂದು ಆ ಪ್ರತಿಗಳನ್ನೆಲ್ಲ ಅಳಿಸಿದಳು. ಸರ್ವರನ್ನೇ ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಚನ್ನವೀರ ಕುರ್ಚಿಯಲ್ಲಿ ಕೂತು ಬಟನ್ ಹಚ್ಚುತ್ತ, "ದಾಕ್ಷಾ, ಎಷ್ಟೊತ್ತ ಅದರ ಮುಂದ ಕುಂದರತಿ, ಬೆನ್ನ ನೋಯತೈತಿ," ಎಂದ.

ಅವಳು ಹಲ್ಲು ಕಚ್ಚಿಕೊಂಡು, ಪರೀಕ್ಷೆಗೆಂದು ಅಕ್ಷರದ ಬಣ್ಣವನ್ನು ಕೆಂಪು ಮಾಡಿ ಸೇವ್ ಒತ್ತಿದಳು.

"ಅಯ್ಯ, ಬರದದ್ದೆಲ್ಲಾ ಕೆಂಪ ಕಾಣಾಕತ್ತೈತಲ್ಲ ದಾಕ್ಷಾ!"

ಅಂದರೆ ಬದಲಾವಣೆ ಹೋಗುತ್ತಿದೆ! ಅವಳು ಗೌರವ್ವನ ಟಿಪ್ಪಣಿಗೆ 'ಸಕ್ಕರೆ ಕಾಯಿಲೆ, ಬೆಲ್ಲ ತಿನ್ನಬಾರದು' ಎಂದು ಸೇರಿಸಿದಳು. ಅಷ್ಟರಲ್ಲಿ ಅಡಿಗೆಮನೆಯಿಂದ ಬೆಲ್ಲದ ಚೂರು ಬಾಯಿಗಿಡುತ್ತ ಬಂದ ಗೌರವ್ವನ ಕೈಯಿಂದ ಮಗ ಅದನ್ನು ಕಸಿದುಕೊಂಡ. "ಬ್ಯಾಡಬೇ ಯವ್ವಾ, ನಿನಗ ಸಕ್ರಿ ರೋಗ ಐತಿ." ಮುದುಕಿ ಸೊಸೆಯ ಕಡೆ ದುರುಗುಟ್ಟಿ ನೋಡಿದಳು. ಬಣ್ಣ ಹೋಗುತ್ತದೆ, ಟಿಪ್ಪಣಿ ಹೋಗುತ್ತದೆ, ತನ್ನ ಹೆಸರೊಂದು ಮಾತ್ರ ಹೋಗುವುದಿಲ್ಲ. ನೀಲಾಂಬಿಕಾ ಕೊನೆಯ ಉಪಾಯವಾಗಿ ತನ್ನ ಟಿಪ್ಪಣಿಯಲ್ಲಿಯೇ 'ಇವಳ ನಿಜವಾದ ಹೆಸರು ನೀಲಾಂಬಿಕಾ' ಎಂದು ಬರೆದಳು. ಚನ್ನವೀರ ಗಾಜಿನಲ್ಲಿ ಬಂದದ್ದನ್ನು ಎಂದಿನಂತೆ ಗಟ್ಟಿಯಾಗಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾರೋ ಚಾಷ್ಟಿ ಮಾಡ್ಯಾರ ನೋಡು ದಾಕ್ಷಾ, ನಿನ್ನ ಹೆಸರ ಬ್ಯಾರೆ ಬರದಾರ."

ಅವಳು ಆ ಟಿಪ್ಪಣಿ ಅಳಿಸಿ, ಎದ್ದು ಲ್ಯಾಪ್‌ಟಾಪಿನ ಮುಚ್ಚಳವನ್ನು ಗುದ್ದಿ ಮುಚ್ಚಿದಳು.

ಸೋಮವಾರ ಆಫೀಸಿನ ಪ್ರಯೋಗಶಾಲೆಯಲ್ಲಿ ಪಕ್ಕದ ಮೇಜಿನ ಇಮ್ತಿಯಾಜ್ ಮುಲ್ಲಾನಿಗೆ ಎಲ್ಲ ಹೇಳಿದಳು. ಕನ್ನಡಕದ ಯಂತ್ರಭಾಗ ನೋಡಿಕೊಳ್ಳುವವನು ಅವನು. ಅಲ್ಲಿ ವಿಗ್ ಹಾಕಿದ ಒಂದು ಗೊಂಬೆ ತಲೆ ಇತ್ತು. ಅದಕ್ಕೆ ಕನ್ನಡಕ ಏರಿಸಿ, ನೀಲಾಂಬಿಕಾ ತನ್ನ ಮುಖ ತೋರಿಸಿ, ಹೆಸರು ಬದಲಿಸಿ ನೋಡಿದಳು. ಸರಿಯಾಗಿ ಬದಲಾಯಿತು. ಮತ್ತೆ ಬದಲಿಸಿದಳು. ಮತ್ತೆ ಬದಲಾಯಿತು.

"ಇಲ್ಲೆ ಬರತೈತಿ, ಮನ್ಯಾಗ ಬರಂಗಿಲ್ಲ. ಏನ ಇದರ ಹಣೇಬರಾ ಭಾಯ್?"

ಇಮ್ತಿಯಾಜ್ ಗೊಂಬೆಯ ವಿಗ್ ಸರಿಮಾಡುತ್ತ ಯೋಚಿಸಿದ. "ಮೇಡಂ, ಈ ಗೊಂಬಿ ದಿನಾ ಮುಂಜಾನೆ ಹೊಸದಾಗಿ ಹುಟ್ಟತೈತ್ರಿ. ಸಂಜಿಗೆ ಸ್ವಿಚ್ ಬಂದ್ ಮಾಡಿ ಹೊಕ್ಕೀವಿ. ಮ್ಯಾಲ ಇದಕ್ಕ ತಲಿ ಆಡಸಾಕ ಬರಂಗಿಲ್ಲ. ನಿಮ್ಮ ಯಜಮಾನ್ರ ಕನ್ನಡಕ ಯಾವಾಗ ಬಂದ್ ಮಾಡಿದ್ರಿ?"

"ಯಾವತ್ತೂ ಇಲ್ಲ. ಬಂದ್ ಮಾಡಬಾರದಂತನ ಅಲ್ಲೇನು ನಾ ಅಷ್ಟ ಗುದ್ದಾಡಿದ್ದು?"

"ಹಂಗಾರ ತಿಳೀತ ಬಿಡ್ರಿ," ಎಂದ ಅವನು.

ಅವಳಿಗೂ ತಿಳಿಯಿತು. ಓಡುತ್ತಿರುವ ಪುಟದಲ್ಲಿ ಹೊಸ ಕೋಡ್ ಬಂದು ಕೂರುತ್ತದೆ, ಆದರೆ ಆ ಪುಟ ಅಲ್ಲಿಯವರೆಗೆ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಹಾಗೆಯೇ ಉಳಿಯುತ್ತದೆ. ರೋಗಿಗೆ ತೊಡಕಾಗಬಾರದೆಂದು ಅವಳೇ ಹಾಗೆ ಬರೆದಿದ್ದಳು. ಹೊಸ ಮುಖ ಕಂಡಾಗ ಕನ್ನಡಕ, ಇವರು ಇಂಥವರು, ಹೌದೇ ಎಂದು ಕೇಳುತ್ತದೆ. ಹಾಕಿಕೊಂಡವನು ತಲೆಯಾಡಿಸಿದರೆ ಆ ಹೆಸರು ಆ ಮುಖಕ್ಕೆ ಮುದ್ರೆಯಾಗುತ್ತದೆ. ಆಮೇಲೆ ಫೈಲಿನಲ್ಲಿ ಏನೇ ಬರೆಯಲಿ, ಮುದ್ರೆ ಬಿದ್ದ ಹೆಸರು ಕದಲುವುದಿಲ್ಲ.

"ಮುದ್ರಿ ಬಿದ್ದದ್ದನ್ನ ಹೊರಗ ತಗದು, ಹೆಸರೊಂದ ತಿದ್ದಿ, ಒಳಗಿಡಾಕ ಬರಂಗಿಲ್ಲೇನು?"

"ಬೀಗ ಹಾಕೇವಲ್ರಿ. ಇನ್ನೊಬ್ಬರ ತಲಿಯೊಳಗಿನದನ್ನ ಯಾರೂ ನೋಡಬಾರದು, ತಿದ್ದಬಾರದು ಅಂತ ಕಾಯ್ದೇನ ಐತಿ. ಪೂರ್ತಿ ಬಂದ್ ಮಾಡಿ ಹೊಸದಾಗಿ ಚಾಲೂ ಮಾಡಬೇಕು. ಹಂಗ ಮಾಡಿದ್ರ..." ಇಮ್ತಿಯಾಜ್ ಗೊಂಬೆಯ ಕನ್ನಡಕ ತೆಗೆದಿಟ್ಟ.

ಹಾಗೆ ಮಾಡಿದರೆ ಎಂಟು ತಿಂಗಳಲ್ಲಿ ಚನ್ನವೀರ ತಲೆಯಾಡಿಸಿದ್ದೆಲ್ಲ ಹೋಗುತ್ತದೆ. ಬೀದಿಯ ಚಹಾದಂಗಡಿಯವನು, ಕ್ಷೌರದವನು, ಎದುರುಮನೆಯ ಅಕ್ಕ, ಹೆತ್ತ ತಾಯಿ. ಅವನು ತಾನಾಗಿ ಕನ್ನಡಕಕ್ಕೆ ಪಿಸುಗುಟ್ಟಿ ಇಡಿಸಿಕೊಂಡ ಮಾತುಗಳೂ ಹೋಗುತ್ತವೆ. ಆ ಮಾತುಗಳ ಮೇಲೂ ನೀಲಾಂಬಿಕಾಳಿಗೆ ಕಣ್ಣಿತ್ತು. ತನ್ನ ಮುಖ ನೋಡಿದಾಗಲೆಲ್ಲ ಅವನು ಗಾಜಿನಲ್ಲಿ ಏನನ್ನೋ ಓದಿಕೊಂಡು ಮೆಲ್ಲಗೆ ನಗುತ್ತಿದ್ದ. ಆ ಒಂದನ್ನು ಮಾತ್ರ ಗಟ್ಟಿಯಾಗಿ ಓದುತ್ತಿರಲಿಲ್ಲ. ದಾಕ್ಷಾಯಿಣಿಯ ಹೆಸರಿನ ಕೆಳಗೆ ಅವನು ಏನು ಇಡಿಸಿದ್ದಾನೆ? ಕೇಳಿದರೆ, "ನಿನಗ ಯಾಕ ಹೇಳಬೇಕು," ಎನ್ನುತ್ತಿದ್ದ.

ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳು ಲೆಕ್ಕ ಹಾಕುತ್ತ ಬಂದಳು. ಬಂದ್ ಮಾಡಿ ಚಾಲೂ ಮಾಡಿದರೆ ಕನ್ನಡಕ ಮತ್ತೆ ಕೇಳುತ್ತದೆ. ಈ ಸಲ ಫೈಲಿನಲ್ಲಿ ಅವಳ ಹೆಸರೇ ಇದೆ. ಆದರೆ ಅವನು ತಲೆಯಾಡಿಸಬೇಕಲ್ಲ? ಆಸ್ಪತ್ರೆಯಲ್ಲಿ ಅವನು ತಲೆಯಾಡಿಸಿದ್ದು ಯಾವುದಕ್ಕೆ? ಎದುರಿಗೆ ನಿಂತ ತನ್ನ ಮುಖಕ್ಕೋ, ಗಾಜಿನಲ್ಲಿ ಕಂಡ ಆ ಹಳೆಯ ಹೆಸರಿಗೋ? ಹೆಸರಿಗೇ ಆಗಿದ್ದರೆ? ನೆನಪೆಲ್ಲ ಹೋಗಿ ಅದೊಂದು ಮಾತ್ರ ತಳದಲ್ಲಿ ಉಳಿದಿದ್ದರೆ? ಪ್ರಶ್ನೆ ಅವಳನ್ನು ಹಿಂಡಿಹಾಕಿತು. ಬೇಡ, ಇದ್ದ ಹಾಗೆ ಇರಲಿ, ಅತ್ತೆ ಹೇಳಿದ ಹಾಗೆ ಓ ಅಂದುಬಿಡೋಣ ಎಂದು ನಿಶ್ಚಯಿಸಿಕೊಂಡೇ ಅವಳು ಬಸ್ಸಿನಿಂದ ಇಳಿದದ್ದು.

ಆ ನಿಶ್ಚಯ ಒಂದು ವಾರ ಬಾಳಿತು. ಅದನ್ನು ಕೆಡಿಸಿದ್ದು ಒಂದು ಜಂಪರು.

ಚನ್ನವೀರ ಮನೆಯಲ್ಲಿ ಕೂತೇ ಸಣ್ಣಪುಟ್ಟ ಹೊಲಿಗೆ ಮಾಡುತ್ತಿದ್ದ. ಅವತ್ತು ಅವಳು ರಜೆ ಹಾಕಿ ಮನೆಯಲ್ಲಿದ್ದಳು. ಊಟವಾದ ಮೇಲೆ ಅವನು ಮಡಚಿದ ಒಂದು ಖಣದ ಜಂಪರನ್ನು, ಸೀರೆಗೆ ತೊಡುವ ಕುಬುಸವನ್ನು, ಅವಳ ಮುಂದಿಟ್ಟ. ಯಾರಿಗೂ ಹೇಳದೆ ಹೊಲಿದಿದ್ದ. ಅವಳ ಮೈಗೆ ಬೇರೆ ಅಳತೆ ಬೇಕಿರಲಿಲ್ಲ, ಬೆನ್ನಿನ ಕಸೆಗೆ ಗೊಂಡೆ ಕಟ್ಟಿದ್ದ, ತೋಳಿಗೆ ಅಂಚು ಕೂಡಿಸಿದ್ದ. ನೀಲಾಂಬಿಕಾಳ ಕಣ್ಣು ತುಂಬಿ ಬಂದವು. ಆಗ ಕೊರಳ ಹತ್ತಿರ ಗುಂಡುಪಿನ್ನಿನಲ್ಲಿ ಚುಚ್ಚಿದ್ದ ಚೀಟಿ ಕಂಡಿತು. ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆಗೆ ಚುಚ್ಚುತ್ತಿದ್ದ ಹಾಗೆಯೇ, ದುಂಡು ಅಕ್ಷರದಲ್ಲಿ, 'ದಾಕ್ಷಾಯಿಣಿ, ಮನೆದು' ಎಂದು ಬರೆದಿದ್ದ.

ಚೀಟಿ ಕಿತ್ತಳು. ಬೆರಳಿಗೆ ಪಿನ್ನು ಚುಚ್ಚಿತು.

"ಯಾಕ, ಮನಸಿಗೆ ಬರಲಿಲ್ಲೇನು?" ಎಂದ ಚನ್ನವೀರ.

"ಭಾಳ ಚಂದ ಆಗೇತ್ರಿ. ಆಕಿಗೆ ಭಾಳ ಚಂದ ಕಾಣತೈತಿ."

"ಯಾರಿಗೆ?"

ಗೌರವ್ವ ಒಳಗೆ ಮಲಗಿದ್ದಳು. ನೀಲಾಂಬಿಕಾ ಸೆರಗಿನಿಂದ ಮುಖ ಒರೆಸಿಕೊಂಡು, ಆದಷ್ಟು ಸಹಜವಾದ ದನಿಯಲ್ಲಿ ಹೇಳಿದಳು. "ಕನ್ನಡಕ ಸ್ವಲ್ಪ ಕೊಡ್ರಿ, ಗಾಜ ಹೊಲಸ ಆಗೈತಿ, ಒರಿಸಿಕೊಡ್ತೀನಿ."

ಅವನು ಮಗುವಿನಂತೆ ತೆಗೆದುಕೊಟ್ಟ. ಅದನ್ನು ಕಂಡಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಬೆನ್ನು ತಿರುಗಿಸಿ, ಅದೇ ಗುಂಡುಪಿನ್ನನ್ನು ಕನ್ನಡಕದ ಕಡ್ಡಿಯ ಸಣ್ಣ ತೂತಿನಲ್ಲಿಟ್ಟು ಒತ್ತಿಹಿಡಿದಳು. ನೀಲಿ ದೀಪ ಆರಿತು. ತಾಯಿ ಹೋದಳು, ಚಹಾದವನು ಹೋದ, ಪಿಸುಗುಟ್ಟಿದ ಮಾತುಗಳು ಹೋದವು. ದಾಕ್ಷಾಯಿಣಿಯೂ ಹೋದಳು ಎಂದುಕೊಂಡಾಗ ಮಾತ್ರ ಅವಳಿಗೆ ಖುಷಿಯಾಯಿತು. ದೀಪ ಮತ್ತೆ ಹೊತ್ತಿಕೊಂಡಿತು. ಅವಳು ಕನ್ನಡಕವನ್ನು ಅವನ ಮೂಗಿಗೆ ಏರಿಸಿ, ಎದುರಿಗೆ ನಿಂತಳು.

ಚನ್ನವೀರ ಗಾಜಿನ ಅಂಚಿಗೆ ಕಣ್ಣು ಕಿರಿದು ಮಾಡಿ ಓದಿದ. "'ನೀಲಾಂಬಿಕಾ, ಹೆಂಡತಿ. ಹೌದೇ?' ಅಂತ ಕೇಳಾಕತ್ತೈತಿ."

"ಹೌದಲ್ರಿ? ನೋಡ್ರಿ ಸರಿಯಾಗಿ."

ಅವನು ನೋಡಿದ. ಗಾಜಿನಲ್ಲಿ ನೋಡಿದ, ಆಮೇಲೆ ಕನ್ನಡಕವನ್ನು ಹಣೆಯ ಮೇಲೆ ಸರಿಸಿ ಬರಿಗಣ್ಣಿನಲ್ಲಿ ನೋಡಿದ. ಅವನು ತಲೆಯನ್ನು ಅಡ್ಡಕ್ಕೆ ಆಡಿಸಿದ.

"ಇದು ಕೆಟ್ಟೈತಿ. ನೀ ದಾಕ್ಷಾಯಿಣಿ ಅಲ್ಲೇನು?"

ಬಿತ್ತಲ್ಲ ಕೊಡಲಿ ಪೆಟ್ಟು ಎಂದುಕೊಂಡಳು. ಅಂದರೆ ತಳದಲ್ಲಿ ಉಳಿದಿದ್ದು ಆ ಹೆಸರೇ. ಎಂಟು ತಿಂಗಳು ಉಣ್ಣಿಸಿ, ಮೀಯಿಸಿ, ತಾನು ಯಾರದೋ ಸಂಸಾರ ಮಾಡಿದ ಹಾಗಾಯಿತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದಳು. "ಆಕಿನ ಮಾರಿ ನೆನಪೈತೇನ್ರಿ ನಿಮಗ? ದಾಕ್ಷಾಯಿಣಿ ಅಂದ್ರ ಯಾರು, ಹೇಳ್ರಿ ನೋಡೋಣ."

"ಹಿಂಗ್ಯಾಕ ಕೇಳತಿ? ಸಿಟ್ಟ ಬಂದ್ರ ಕಂಪ್ಯೂಟರ ಗುದ್ದಾಕಿ. ಆವತ್ತ ಮುಚ್ಚಳ ಹಾಕಿದ ಹೊಡತಕ್ಕ ನನ್ನ ಕೈಯಾಗಿನ ಬಟನ್ ಬಿತ್ತು. ಅವ್ವನ ಬಾಯಾಗಿನ ಬೆಲ್ಲ ಕಸಗೊಳ್ಳಾಕ ಹಚ್ಚಿದಾಕಿ." ಅವನು ನಕ್ಕ. "ನನಗ ಜಳಕಾ ಮಾಡಸುಮುಂದ ನೀರ ಸುಡತಾವೇನಂತ ಮೊದಲ ತನ್ನ ಮುಂಗೈಗೆ ಹಾಕ್ಕೋತಾಳ. ರೊಟ್ಟಿ ಬಡಿಯುಮುಂದ ಬಾಯಾಗ ಏನೋ ಗುನುಗತಾಳ, ಒಂದ ಸುರಾನೂ ಹತ್ತಂಗಿಲ್ಲ. ಈಕೀನ್ನ ಮರೀಬಾರದಂತ ದಿನಾ ಮನಸಿನಾಗ ಹೇಳಿಕೋತೀನಿ ನಾ."

ನೀಲಾಂಬಿಕಾ ಅವನ ಹಣೆಯನ್ನೇ ನೋಡುತ್ತಿದ್ದಳು. ಕನ್ನಡಕ ಹಣೆಯ ಮೇಲಿತ್ತು. ಅದರೊಳಗೆ ಏನೂ ಇರಲಿಲ್ಲ, ಅವಳೇ ಈಗ ತಾನೇ ಖಾಲಿ ಮಾಡಿದ್ದಳು. ಬೆಲ್ಲ ಕಸಿದು ಒಂದು ವಾರ ಕಳೆದಿತ್ತು. ಹೊಸ ಮುಖ ನಿಲ್ಲುವುದಿಲ್ಲ ಎಂದಿದ್ದರು ಡಾಕ್ಟರು. ಕನ್ನಡಕ ತೆಗೆಸಬಾರದೆಂದು ಕಟ್ಟಳೆ ಮಾಡಿದ್ದರಿಂದ ಅವನಿಗೆ ಬರಿಗಣ್ಣಿನಲ್ಲಿ ಏನು ಗೊತ್ತು ಎಂದು ಎಂಟು ತಿಂಗಳಲ್ಲಿ ಯಾರೂ ಒಮ್ಮೆಯೂ ನೋಡಿರಲಿಲ್ಲ. ಒಡೆದ ತಲೆಯೊಳಗೆ ಒಂದು ಮುಖ ಬಂದು ನಿಂತಿತ್ತು, ಮತ್ತು ಆ ಮುಖ ನೀಲಾಂಬಿಕಾಳದೇ ಆಗಿತ್ತು. ಬೆಳಗಾವಿಯವಳದಲ್ಲ, ಗೋವಾದ ಹ್ಯಾಟಿನವಳದಲ್ಲ. ಹೆಸರು ಮಾತ್ರ ಗಾಜು ದಿನವೂ ಹೇಳಿಕೊಟ್ಟ ದಾಕ್ಷಾಯಿಣಿಯದು.

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅದರ ನಡುವೆಯೂ ಹೊಟ್ಟೆಕಿಚ್ಚು ಬಿಟ್ಟುಹೋಗಲಿಲ್ಲ. ಇಷ್ಟೊಂದು ಪ್ರೀತಿಗೆ ಹಿಡಿದ ಹೆಸರು ಯಾಕಾದರೂ ಅದೇ ಆಗಬೇಕಿತ್ತು?

ಚನ್ನವೀರ ಕನ್ನಡಕ ಇಳಿಸಿಕೊಂಡ. ಗಾಜು ಇನ್ನೂ ಕಾಯುತ್ತಿತ್ತು. "ಮತ್ತ ಕೇಳಾಕತ್ತೈತಿ. ಏನ ಮಾಡ್ಲಿ? ಹೌದಂದು ಗೋಣ ಹಾಕ್ಲೋ ಬ್ಯಾಡೋ? ನನಗ ಗಾಬರಿ ಆಗಾಕತ್ತೈತಿ ನೋಡು. ಇದು ಹೇಳೋದ ಖರೇನೋ, ನನ್ನ ತಲ್ಯಾಗಿದ್ದದ್ದ ಖರೇನೋ?"

ಹೌದು ಅನ್ನಿ ಎಂದರೆ ಅವನು ಅನ್ನುತ್ತಿದ್ದ. ಎಂಟು ತಿಂಗಳ ಆಸೆ ಒಂದು ಗೋಣಿನ ದೂರದಲ್ಲಿತ್ತು. ಆದರೆ ಅವನು ಗಾಜನ್ನೂ ಅವಳನ್ನೂ ಮತ್ತೆ ಮತ್ತೆ ನೋಡುತ್ತಿದ್ದ. ತಲೆಯೊಳಗೆ ಹೇಗೋ ನಿಂತ ಒಂದೇ ಒಂದನ್ನು ಯಂತ್ರದ ಮಾತು ಕೇಳಿ ಅವನು ಸುಳ್ಳೆಂದುಕೊಂಡರೆ, ಮತ್ತೆ ಅದು ನಿಲ್ಲುತ್ತದೆಂದು ಯಾವ ಡಾಕ್ಟರು ಹೇಳುತ್ತಾರೆ?

"ನಿಮ್ಮ ತಲ್ಯಾಗಿದ್ದದ್ದ ಖರೆರಿ," ಎಂದಳು ನೀಲಾಂಬಿಕಾ. "ತಡೀರಿ, ಇದನ್ನ ಸರಿ ಮಾಡ್ತೀನಿ."

ಅವಳು ಲ್ಯಾಪ್‌ಟಾಪ್ ತೆರೆದು ಫೈಲಿನಲ್ಲಿದ್ದ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ಆ ಜಾಗದಲ್ಲಿ ದಾಕ್ಷಾಯಿಣಿ ಎಂದು ತಾನೇ ಬರೆದಳು. ಸೇವ್ ಒತ್ತಿದಳು. ಬದಲಾವಣೆ ಆ ಕ್ಷಣವೇ ಗಾಜಿಗೆ ಹೋಯಿತು.

"ಹಾಂ, ಈಗ ಸರಿ ಬಂತ ನೋಡು," ಎಂದು ಚನ್ನವೀರ ಅವಳನ್ನು ನೋಡಿ ಗೋಣು ಹಾಕಿದ.